ಗಾಡಿಗಳ ಗೊಡವೆ

ಜೇನ್ ಆಸ್ಟೆನ್‌ಳನ್ನು ಓದಲು ಕೂತವರಿಗೆ ಪ್ರೇಮ ಪ್ರಕರಣಗಳಿಗಿಂತ ಮೊದಲು ತಲೆನೋವು ತರುವುದು ಗಾಡಿಗಳು. ಗಿಗ್, ಕರಿಕಲ್, ಫೇಟನ್, ಬರೂಶ್, ಶೇಜ್, ಲ್ಯಾಂಡೋಲೆಟ್ ಹೀಗೆ ಒಬ್ಬೊಬ್ಬರ ಬಾಗಿಲಲ್ಲಿ ಒಂದೊಂದು. ನಾವಾದರೋ ಜಟಕಾ, ಟಾಂಗಾ, ಸಾರೋಟು ಇಷ್ಟರಲ್ಲೇ ಕುದುರೆಗಾಡಿಯ ಪ್ರಪಂಚವನ್ನು ಮುಗಿಸಿಕೊಂಡವರು. ನಿಘಂಟು ಚಕ್ರವೆಷ್ಟು, ಕುದುರೆಯೆಷ್ಟು ಎಂದು ಲೆಕ್ಕ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಗಿಗ್ಗಿಗೆ ಎರಡು ಚಕ್ರ, ಒಂಟಿ ಕುದುರೆ. ಕರಿಕಲ್ಲಿಗೂ ಎರಡೇ ಚಕ್ರ, ಆದರೆ ಜೋಡಿ ಕುದುರೆ. ಆ ಇನ್ನೊಂದು ಕುದುರೆಗಾಗಿ ಜನ ಎಷ್ಟು ಹೊಟ್ಟೆಕಿಚ್ಚು ಪಡುತ್ತಿದ್ದರು ಎಂಬುದಕ್ಕೆ ಜಾನ್ ಥಾರ್ಪನನ್ನೇ ಕೇಳಬೇಕು.

‘ನಾರ್ದ್ಯಾಂಗರ್ ಅಬೆ’ ಕಾದಂಬರಿಯ ಈ ಮಹಾಶಯ ಆಕ್ಸ್‌ಫರ್ಡ್ ವಿದ್ಯಾರ್ಥಿ. ಬೇರೊಬ್ಬ ಮಾಡಿಸಿಕೊಂಡಿದ್ದ ಗಿಗ್ಗನ್ನು 50 ಗಿನಿಗೆ ಕೊಂಡಿದ್ದಾನೆ. ಆಗಷ್ಟೇ ಪರಿಚಯವಾದ ಕಥಾನಾಯಕಿ ಕ್ಯಾಥರೀನ್‌ಳ ಮುಂದೆ ಅದರ ಸೀಟು, ಪೆಟ್ಟಿಗೆ, ದೀಪ, ಬೆಳ್ಳಿಯ ಅಂಚು ಎಲ್ಲದರ ಪಟ್ಟಿ ಒಪ್ಪಿಸುತ್ತಾನೆ. ಕೂರಿಸಿರುವ ರೀತಿ ಥೇಟ್ ಕರಿಕಲ್ಲಿನದೇ ಎನ್ನಲು ಮರೆಯುವುದಿಲ್ಲ. ಅಲ್ಲಿಗೆ ನಮಗೂ ತಿಳಿಯಿತು: ಕರಿಕಲ್ ಎಂದರೆ ಥಾರ್ಪನಿಗೆ ಎಟುಕದ ಗಾಡಿ. ಅದರಲ್ಲಿ ಬರುವವನು ಹೆನ್ರಿ ಟಿಲ್ನಿ. ಗದ್ದಲವಿಲ್ಲ, ಜಂಬವಿಲ್ಲ, ಕುದುರೆಗಳಿಗೆ ಬೈಗುಳವಿಲ್ಲ. ಮೊದಲೇ ಸೋತಿದ್ದ ಕ್ಯಾಥರೀನ್ ಇನ್ನಷ್ಟು ಸೋಲುತ್ತಾಳೆ.

ಹಾಗೆಂದು ಗಿಗ್ ಎಂದರೆ ಬರೀ ಡೌಲು ಎಂದುಕೊಳ್ಳುವ ಹಾಗಿಲ್ಲ. ಆಸ್ಟೆನ್ ತೀರಿಕೊಂಡ ಮೇಲೆ, 1817ರ ಡಿಸೆಂಬರಿನಲ್ಲಿ ‘ನಾರ್ದ್ಯಾಂಗರ್ ಅಬೆ’ಯ ಜೊತೆಯಲ್ಲೇ ಹೊರಬಂದ ‘ಪರ್ಸ್ವೇಶನ್’ನಲ್ಲಿ ಅಡ್ಮಿರಲ್ ಕ್ರಾಫ್ಟ್ ದಂಪತಿಯ ಗಿಗ್ ಇದೆ. ದಣಿದ ಕಥಾನಾಯಕಿ ಆನ್‌ಳನ್ನೂ ಒತ್ತಿಕೊಂಡು ಕೂರಿಸಿಕೊಳ್ಳುತ್ತಾರೆ. ಹಡಗು ನಡೆಸಿದ ದೊಡ್ಡ ಮನುಷ್ಯನಿಗೆ ಹಳ್ಳಿ ದಾರಿಯ ಕಂಬ ಕಾಣುವುದಿಲ್ಲ. ಹೆಂಡತಿ ಎಚ್ಚರಿಸುತ್ತಲೇ ತಣ್ಣಗೆ ಲಗಾಮು ತಿರುಗಿಸುತ್ತಾಳೆ. ಮುಂದೆ ಗೊಬ್ಬರದ ಗಾಡಿಗೆ ಗುದ್ದುವುದನ್ನೂ ಹಾಗೇ ತಪ್ಪಿಸುತ್ತಾಳೆ. ಇವರ ಸಂಸಾರ ಸಾಗುವುದೂ ಹೀಗೇ ಇರಬೇಕು ಎಂದು ಆನ್‌ಗೆ ಒಳಗೊಳಗೇ ನಗು. ಚಕ್ರ ಎಣಿಸುವ ನಿಘಂಟಿಗೆ ಇದೆಲ್ಲ ಎಲ್ಲಿ ಗೊತ್ತು!

ಕೊನೆಗೆ ಆನ್ ಮದುವೆಯಾಗಿ ಚೆಂದದ ಲ್ಯಾಂಡೋಲೆಟ್ಟಿನ ಒಡತಿಯಾಗುತ್ತಾಳೆ. ತಂಗಿ ಮೇರಿಗೆ ಕಣ್ಣುರಿ. ಆದರೂ ಅಕ್ಕನಿಗೆ ಜಮೀನಿಲ್ಲ, ಮನೆತನದ ಬಂಗಲೆ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾಳೆ. ಭಾವನಿಗೆ ಬ್ಯಾರನೆಟ್ ಪದವಿಯೊಂದು ಸಿಗದಿದ್ದರೆ ಸಾಕು, ಗಾಡಿಯನ್ನು ಹೇಗೋ ಸಹಿಸಿಕೊಂಡಾಳು. ಈ ಬ್ಯಾರನೆಟ್ ಎಂದರೆ ವಂಶಪಾರಂಪರ್ಯವಾಗಿ ಬರುವ ‘ಸರ್’ ಬಿರುದು. ಅದರ ಮಹಿಮೆ ಎಷ್ಟು? ಅದಕ್ಕೆ ಪುಸ್ತಕದ ಮೊದಲ ಪುಟಕ್ಕೇ ಹೋಗಬೇಕು. ಅವರಪ್ಪ ಸರ್ ವಾಲ್ಟರ್ ಬ್ಯಾರನೆಟ್ಟರ ವಂಶಾವಳಿ ಬಿಡಿಸಿಕೊಂಡು, ತನ್ನ ಹೆಸರಿರುವ ಪುಟವನ್ನೇ ಮತ್ತೆ ಮತ್ತೆ ಓದುತ್ತ ಕೂತಿರುತ್ತಾನೆ.