ಅರೋರಾ ಒಳಗೆ ಯಾಕೆ ಹೋದರು?

ಹಾರರ್ ಸಿನಿಮಾ ನೋಡುವಾಗ ನಾವೆಲ್ಲ 'ಒಳಗೆ ಹೋಗಬೇಡ್ವೋ' ಅಂತ ಕೂಗ್ತೀವಿ. ಎಸ್.ಎ. ಬಾರ್ನ್ಸ್ ಅವರ 'ಡೆಡ್ ಸೈಲೆನ್ಸ್' ಓದುವಾಗ ಹಾಗೆ ಕೂಗಲು ಮನಸ್ಸಾಗಲಿಲ್ಲ.

2022ರಲ್ಲಿ ಬಂದ ಈ ಕಾದಂಬರಿಯಲ್ಲಿ ಕ್ಲೇರ್ ಕೊವಾಲಿಕ್ ತಂಡ ಬಾಹ್ಯಾಕಾಶದ ಬೀಕನ್‌ಗಳನ್ನು ರಿಪೇರಿ ಮಾಡುತ್ತೆ. ಇನ್ನು ಕೆಲವೇ ದಿನ, ಆಮೇಲೆ ಆ ಕೆಲಸವೇ ಇರಲ್ಲ. ಅಷ್ಟರಲ್ಲಿ ಒಂದು ಆಪತ್ತಿನ ಸಿಗ್ನಲ್. ಅದರ ಜಾಡು ಹಿಡಿದು ಹೋದರೆ ಸಿಗೋದು ಅರೋರಾ: 20 ವರ್ಷಕ್ಕೂ ಹಿಂದೆ, ಮೊದಲ ಯಾನದಲ್ಲೇ ಮಾಯವಾದ ಐಷಾರಾಮಿ ಹಡಗು. ಅದರ ಮೇಲೆ ಹಕ್ಕು ಸಾಧಿಸಿದರೆ ಜೀವನಪೂರ್ತಿ ಚಿಂತೆಯಿಲ್ಲ.

ಇವತ್ತಿನ ಕಾನೂನಿನಲ್ಲಿ ಈ ಲೆಕ್ಕ ನಡೆಯಲ್ಲ. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಹಡಗನ್ನು ಉಳಿಸಿದವರಿಗೆ ಪ್ರತಿಫಲ ಉಂಟು. ಬಾಹ್ಯಾಕಾಶಕ್ಕೆ ಹೋದ ವಸ್ತು ಎಲ್ಲೇ ಇದ್ದರೂ ಅದರ ಒಡೆತನ ಬದಲಾಗಲ್ಲ ಅನ್ನುತ್ತೆ 1967ರ ಒಪ್ಪಂದದ 8ನೇ ವಿಧಿ.

ಕತ್ತಲಲ್ಲಿ ಪಿಸುಮಾತು, ಗೋಡೆ ಮೇಲೆ ರಕ್ತದ ಅಕ್ಷರ, ಎಲ್ಲ ಇದೆ. ಆದರೂ ನಮ್ಮನ್ನು ಕಾಡಿದ್ದು ಆ ಬಾಗಿಲಿಗೂ ಮುಂಚಿನ ಪುಟಗಳು. ಡಿಗ್ರಿ ಮುಗಿಯೋ ಹೊತ್ತಿಗೆ ನಾವು ಕಲಿತ ಕೆಲಸ ಉಳಿದಿರುತ್ತಾ ಅಂತ ಮಾತಾಡಿಕೊಳ್ಳೋ ನಮಗೆ, ಕ್ಲೇರ್ ಯಾಕೆ ಹಿಂದೆ ತಿರುಗಲಿಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಅವಳಿಗಾಗಿ ಕಾಯ್ತಿದ್ದದ್ದು ಏನೂ ಇರಲಿಲ್ಲ.