ಭಸ್ಮಾಸುರನಿಗೆ ವರವಿತ್ತು

ಅಭ್ಯಾಸ ಬೋಧನೆಗೆಂದು ಜುಗೂಳದಲ್ಲಿ ಒಂಬತ್ತನೆಯ ತರಗತಿಗೆ ‘ವಿಜ್ಞಾನ ಕಥೆಗಳಲ್ಲಿ ಯಂತ್ರಮಾನವ’ ಎಂಬ ಪಾಠ ಮಾಡಿದೆ. ಪಾಠಯೋಜನೆಯ ಮೌಲ್ಯದ ಅಂಕಣದಲ್ಲಿ ‘ಯಂತ್ರವನ್ನು ಅತಿಯಾಗಿ ನಂಬಬಾರದು’ ಎಂದು ಬರೆದಿದ್ದೆ.

ಪೀಠಿಕೆಗೆ ಭಸ್ಮಾಸುರನ ಕಥೆ ಕೇಳಿದೆ; ಮಕ್ಕಳು ಹುರುಪಿನಿಂದ ಹೇಳಿದರು. ಅಲ್ಲಿಂದ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ನಾಟಕಕ್ಕೆ ಬಂದೆ. ಕಾರ್ಖಾನೆಯಲ್ಲಿ ತಯಾರಾದ, ಥೇಟ್ ಮನುಷ್ಯರಂತೆ ಕಾಣುವ ಆಳುಗಳು ಒಡೆಯರ ಮೇಲೆ ತಿರುಗಿಬಿದ್ದು ಮನುಷ್ಯಕುಲವನ್ನೇ ಕೊಲ್ಲುವ ಕಥೆ ಅದು. ‘ರೋಬೋಟ್’ ಎಂಬ ಪದ ಬಳಕೆಗೆ ಬಂದದ್ದು ಅದರಿಂದಲೇ. ಚೆಕ್ ಭಾಷೆಯ ‘ರೊಬೊಟಾ’ ಎಂದರೆ ಬಿಟ್ಟಿ ದುಡಿಮೆ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. “ಸರ, ಭಸ್ಮಾಸುರಗ ವರಾ ಕೊಟ್ಟಿದ್ರು. ಇವಕ್ಕ ಏನ್ ಕೊಟ್ಟಿದ್ರಿ? ಬರೀ ದುಡಿಸ್ಕೊಂಡ್ರು. ತಿರುಗಿ ಬೀಳದ ಇನ್ನೇನ್ ಮಾಡ್ಬೇಕ್ರಿ?”

ಮುಂಗಡ ಪಡೆದು ಕಬ್ಬು ಕಡಿಯಲು ಬರುವ ಗ್ಯಾಂಗಿನವರನ್ನು ಈ ಮಕ್ಕಳು ವರ್ಷವೂ ನೋಡುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. “ಅದು ಪಾಠದ ಹೊರಗಿನ ಮಾತು, ಕೂಡು” ಎಂದುಬಿಟ್ಟೆ. ಅವಳು ಮತ್ತೆ ಕೈ ಎತ್ತಲಿಲ್ಲ. ವೀಕ್ಷಣಾ ಹಾಳೆಯಲ್ಲಿ ‘ತರಗತಿ ಶಿಸ್ತು: ಉತ್ತಮ’ ಎಂದಿತ್ತು.

ರಾತ್ರಿ ನಾಟಕದ ಕೊನೆ ನೆನಪಾಯಿತು. ರೋಬೋಟುಗಳು ಒಬ್ಬನನ್ನು ಮಾತ್ರ ಉಳಿಸುತ್ತವೆ. ಅವನು ಆಲ್ಕ್ವಿಸ್ಟ್, ತಮ್ಮಂತೆಯೇ ಕೈಯಿಂದ ದುಡಿಯುವವನು ಎಂಬ ಕಾರಣಕ್ಕೆ.

ಮರುದಿನ ಪಾಠವನ್ನು ಅವಳ ಪ್ರಶ್ನೆಯಿಂದಲೇ ಆರಂಭಿಸಿದೆ. ಮೌಲ್ಯದ ಅಂಕಣವನ್ನು ಹೊಡೆದುಹಾಕಿ, ಹೊಸದನ್ನು ಮಕ್ಕಳೇ ಹೇಳಲಿ ಎಂದು ಖಾಲಿ ಬಿಟ್ಟೆ.