ಲಾಗಿನ್ ಶಿರಸಿಯದು, ಅಲರ್ಟ್ ಚೆನ್ನೈದು

ಸಿಮ್ ಹಾಕೋ ಹೋಮ್ ವೈಫೈ ಈಗ ಎಲ್ಲ ಕಡೆ ಬಂದಿದೆ. ಕೇಬಲ್ ಎಳೆಯೋಕಾಗದ ಊರುಗಳಿಗೆ ಇದು ದೊಡ್ಡ ಉಪಕಾರ. ನಮ್ಮ ರೂಮಲ್ಲೂ ಒಂದಿದೆ. ನಾವಿರೋದು ತುಮಕೂರಲ್ಲಿ, ವೆಬ್‌ಸೈಟ್‌ಗಳು ಮಾತ್ರ ನಮಗೆ ಚೆನ್ನೈ ಮಳೆ ತೋರಿಸ್ತವೆ. ನಾವು ನಕ್ಕು ಸುಮ್ಮನಾಗ್ತಿದ್ವಿ.

ಆದರೆ ನಮ್ಮಲ್ಲೊಬ್ಬನ ಮನೇಲಿ ಇದರಿಂದ ಜಗಳವೇ ಆಯ್ತು. ಶಿರಸಿ ಹತ್ರದ ಹಳ್ಳಿ. ಸ್ಕಾಲರ್‌ಶಿಪ್ ಅರ್ಜಿ ತುಂಬೋಕೆ ಅವನ ತಂಗಿ ಲ್ಯಾಪ್‌ಟಾಪಲ್ಲಿ ಮೇಲ್ ತೆರೆದಳು. ಅಪ್ಪನ ಫೋನಿಗೆ ಅಲರ್ಟ್ ಬಂತು: ಚೆನ್ನೈನಿಂದ ಹೊಸ ಲಾಗಿನ್. “ಪಾಸ್‌ವರ್ಡ್ ಯಾರಿಗೆ ಕೊಟ್ಟೆ? ಚೆನ್ನೈನಲ್ಲಿ ಯಾರಿದ್ದಾರೆ ನಿಂಗೆ?” ಅಂತ ಶುರುವಾಗಿ, ಫೋನ್, ಲ್ಯಾಪ್‌ಟಾಪ್ ಎರಡನ್ನೂ ಕಿತ್ಕೊಂಡ್ರು. ಅರ್ಜಿಗೆ ಉಳಿದಿದ್ದು ಎರಡೇ ದಿನ.

ಆಗಿದ್ದು ಇಷ್ಟೇ. ಸಿಮ್ ರೂಟರ್‌ನ ಡೇಟಾ ಹತ್ರದ ಟವರ್‌ನಿಂದ ನೇರ ಇಂಟರ್ನೆಟ್‌ಗೆ ಹೋಗಲ್ಲ. ಕಂಪನಿಯ ಜಾಲದೊಳಗೇ ಸಾಗಿ, ಯಾವುದೋ ದೊಡ್ಡ ಊರಿನ ಗೇಟ್‌ವೇ ದಾಟಿ ಹೊರಬರುತ್ತೆ. ಹೊರಗಿನವರಿಗೆ ಕಾಣೋದು ಆ ಕಡೆಯ ಐಪಿ. ಅದೂ ನಮ್ಮೊಬ್ಬರದಲ್ಲ. ಐಪಿವಿ4ರಲ್ಲಿ ಇರೋದು ಸುಮಾರು 430 ಕೋಟಿ ವಿಳಾಸ. ಅದು ಸಾಲದ್ದರಿಂದ ಒಂದೇ ವಿಳಾಸವನ್ನ ಹಲವು ಗ್ರಾಹಕರಿಗೆ ಹಂಚ್ತಾರೆ. ಇದೇ ಸಿಜಿನ್ಯಾಟ್. ಇಡೀ ಹಾಸ್ಟೆಲ್‌ಗೆ ಅಡ್ರೆಸ್ ಒಂದೇ. ಯಾವ ಪಾರ್ಸೆಲ್ ಯಾವ ರೂಮಿಗೆ ಅನ್ನೋದು ಗೇಟಿನ ರಿಜಿಸ್ಟರ್‌ಗೆ ಮಾತ್ರ ಗೊತ್ತು, ಹಾಗೆ. ನಿಮ್ಮ ರೂಟರ್ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ ಐಪಿ 100.64ರಿಂದ 100.127ರ ಒಳಗಿದ್ದರೆ ನೀವೂ ಅಂಥ ಹಾಸ್ಟೆಲ್‌ನಲ್ಲೇ ಇದ್ದೀರಿ ಅಂತ ತಿಳ್ಕೊಳ್ಳಿ.

ಊರಿನ ಹೆಸರು ಹೇಳೋ ಡೇಟಾಬೇಸ್‌ಗಳು ಐಪಿ ಯಾರ ಹೆಸರಲ್ಲಿ, ಎಲ್ಲಿ ನೋಂದಣಿಯಾಗಿದೆ ಅನ್ನೋದನ್ನೆಲ್ಲ ನೋಡಿ ಅಂದಾಜು ಮಾಡ್ತವೆ. ಅದು ಜಿಪಿಎಸ್ ಅಲ್ಲ.

ಅಂದಾಜನ್ನ ಸಾಕ್ಷಿ ಅಂದ್ಕೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಕಾನ್ಸಾಸ್‌ನ ಒಂದು ತೋಟದ ಮನೆಯೇ ಉದಾಹರಣೆ. ‘ಅಮೆರಿಕದ್ದು’ ಅಂತಷ್ಟೇ ಗೊತ್ತಿದ್ದ ಐಪಿಗಳಿಗೆಲ್ಲ ಮ್ಯಾಕ್ಸ್‌ಮೈಂಡ್ ಕಂಪನಿ ದೇಶದ ನಡುವಿನ ಒಂದು ಬಿಂದು ಕೊಟ್ಟಿತ್ತು. 60 ಕೋಟಿಗೂ ಹೆಚ್ಚು ಐಪಿ ಆ ಮನೆಯ ಹತ್ರ ಬಿದ್ದವು. ವರ್ಷಗಟ್ಟಲೆ ಪೊಲೀಸರು, ಮೋಸಹೋದವರು ಬಾಗಿಲು ತಟ್ಟಿದರು. 2016ರಲ್ಲಿ ಸುದ್ದಿಯಾದ ಮೇಲೆ ಕಂಪನಿ ಆ ಬಿಂದುವನ್ನ ಒಂದು ಕೆರೆಯ ನಡುವೆ ಸರಿಸಿತು.

ಶಿರಸಿಯಲ್ಲಿ ಸರಿಸೋಕೆ ಕೆರೆ ಬೇಕಾಗಲಿಲ್ಲ. ಅಲರ್ಟ್‌ನಲ್ಲಿದ್ದ ಸಮಯ, ಲ್ಯಾಪ್‌ಟಾಪ್ ಹೆಸರು ಎರಡನ್ನೂ ಅಪ್ಪನಿಂದಲೇ ಓದಿಸಿದ್ವಿ. ಎರಡೂ ಮನೆಯವೇ. ಅರ್ಜಿ ಕೊನೇ ದಿನ ಹೋಯ್ತು.

ನಿಮ್ಮ ಮನೆಗೂ ಇಂಥ ರೂಟರ್ ಬಂದಿದ್ರೆ, ಅಲರ್ಟ್ ಬರೋ ಮೊದಲೇ ಒಂದು ಫೋನ್ ಮಾಡಿ ಹೇಳಿಡಿ: ಮೊದಲು ಡಿವೈಸ್ ನೋಡಿ, ಟೈಮ್ ನೋಡಿ, ಊರಿನ ಹೆಸರು ಕೊನೆಗೆ. ಎರಡು ನಿಮಿಷದ ಈ ಮಾತು ಯಾರದೋ ಮೇಲಿನ ಅನುಮಾನ ತಪ್ಪಿಸಬಹುದು.